ಮನೆಯ ಧ್ವನಿಮುದ್ರಣಕ್ಕೆ ಎರಡನೆಯ ಮೈಕ್: ಕೈಗೆಟಕುವ ಬೆಲೆಯಲ್ಲಿ ಆರಿಸಿಕೊಳ್ಳುವುದು ಹೇಗೆ?

ಒಂದು ಮೈಕ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಇಟ್ಟುಕೊಂಡು ಮನೆಯಲ್ಲೇ ಹಾಡು ಮುದ್ರಿಸಲು ತೊಡಗಿದವರು ಸ್ವಲ್ಪ ಕಾಲ ಕಳೆದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಎರಡನೆಯ ಮೈಕ್ ಕೊಳ್ಳಬೇಕೆಂದಿದ್ದೇನೆ, ಕಡಿಮೆ ಬೆಲೆಯಲ್ಲಿ ಯಾವುದು ಒಳ್ಳೆಯದು?’ ಯಾವುದಾದರೂ ಒಂದು ಮಾದರಿಯ ಹೆಸರು ಹೇಳಿ ಇದಕ್ಕೆ ಉತ್ತರ ಮುಗಿಸಿಬಿಡಬಹುದು. ಆದರೆ ತಬಲದ ಪಕ್ಕವಾದ್ಯದೊಂದಿಗೆ ಭಾವಗೀತೆ ಹಾಡುವವರಿಗೆ ಒಪ್ಪುವ ಮೈಕ್, ವೀಣೆ ನುಡಿಸುವವರಿಗೆ ದಂಡವಾಗಬಹುದು. ಕೆಲವರಿಗಂತೂ ಎರಡನೆಯ ಮೈಕಿನ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಹೆಸರುಗಳಿಗಿಂತ ಮೊದಲು ಆಯ್ಕೆಯ ಕ್ರಮವನ್ನು ಹೇಳುತ್ತೇನೆ. ಈ ಕ್ರಮದ ಹಿಂದಿರುವ ಮಾತು ಇಷ್ಟೇ: ಎರಡನೆಯ ಮೈಕ್ ಮೊದಲನೆಯದಕ್ಕಿಂತ ದುಬಾರಿಯದೋ ಮೇಲಿನದೋ ಆಗಿರಬೇಕಿಲ್ಲ, ಮೊದಲನೆಯದರಿಂದ ಆಗದ ಕೆಲಸವನ್ನು ಮಾಡಿಕೊಡುವಂತಿದ್ದರೆ ಸಾಕು.

ಓದುವ ಮುನ್ನ ಮೂರು ವಸ್ತುಗಳನ್ನು ಹತ್ತಿರ ಇಟ್ಟುಕೊಳ್ಳಿ: ಈಗಿರುವ ಮೈಕಿನ ವಿವರಪಟ್ಟಿ, ಇಂಟರ್‌ಫೇಸಿನ ಕೈಪಿಡಿ ಮತ್ತು ಒಂದು ಅಳತೆ ಪಟ್ಟಿ. ಮೊದಲೆರಡು ಕಾಗದದಲ್ಲಿ ಉಳಿದಿಲ್ಲವಾದರೆ ತಯಾರಕರ ಜಾಲತಾಣದಲ್ಲಿ ಸಿಗುತ್ತವೆ.

1. ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ

ಮುಂದಿನ ಕೆಲವು ತಿಂಗಳಲ್ಲಿ ನೀವು ಏನೇನು ಮುದ್ರಿಸಲಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಹುತೇಕರ ಕೆಲಸ ಕೆಳಗಿನ ನಾಲ್ಕರಲ್ಲಿ ಒಂದಾಗಿರುತ್ತದೆ.

ಮೊದಲನೆಯದು, ಒಬ್ಬರೇ ಕುಳಿತು ಪದರ ಪದರವಾಗಿ ಮುದ್ರಿಸುವುದು: ಶ್ರುತಿ ಮತ್ತು ತಾಳವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮೊದಲು ಗಿಟಾರ್ ನುಡಿಸಿ, ಆಮೇಲೆ ಅದರ ಮೇಲೆ ಹಾಡಿ, ಕೊನೆಗೆ ಕೊಳಲನ್ನೋ ಇನ್ನೊಂದು ಕಂಠವನ್ನೋ ಸೇರಿಸುವುದು. ಇಲ್ಲಿ ಒಂದು ಸಲಕ್ಕೆ ಒಂದೇ ಧ್ವನಿ ಮುದ್ರಣವಾಗುವುದರಿಂದ ಇರುವ ಮೈಕನ್ನೇ ಮತ್ತೆ ಮತ್ತೆ ಬಳಸಬಹುದು. ನೀವು ಈ ಗುಂಪಿಗೆ ಸೇರಿದವರಾಗಿದ್ದು, ಮುದ್ರಣದ ಗುಣಮಟ್ಟ ಸಾಲದೆಂಬ ಕಾರಣಕ್ಕೆ ಎರಡನೆಯ ಮೈಕ್ ಹುಡುಕುತ್ತಿದ್ದರೆ, ದೋಷ ಹೆಚ್ಚಾಗಿ ಕೋಣೆಯದೇ ಆಗಿರುತ್ತದೆ. ನಮ್ಮ ಮನೆಗಳ ಟೈಲ್ಸ್ ಅಥವಾ ಗ್ರಾನೈಟ್ ನೆಲ, ಸಿಮೆಂಟಿನ ಗೋಡೆ, ಆರ್‌ಸಿಸಿ ಚಾವಣಿ ಎಲ್ಲವೂ ಧ್ವನಿಯನ್ನು ಹಿಂದಕ್ಕೆ ಎಸೆಯುತ್ತವೆ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಹಾಡುವವರ ಬೆನ್ನ ಹಿಂದೆ ಭಾರವಾದ ರಗ್ಗುಗಳನ್ನು ಇಳಿಬಿಟ್ಟು ಒಮ್ಮೆ ಮುದ್ರಿಸಿ ನೋಡಿ. ಮೈಕಿನ ಮುಖ ಹಾಡುವವರ ಕಡೆಗೆ ಇರುವುದರಿಂದ ಅವರ ಬೆನ್ನ ಹಿಂದಿನ ಗೋಡೆಯ ಪ್ರತಿಧ್ವನಿಯೇ ಅದಕ್ಕೆ ನೇರವಾಗಿ ತಾಗುವುದು; ಮೈಕಿನ ಹಿಂದಿನ ಗೋಡೆಗೆ ಮಾತ್ರ ಫೋಮ್ ಅಂಟಿಸಿ ಸುಮ್ಮನಾಗುವವರು ಈ ಸಂಗತಿಯನ್ನು ಮರೆತಿರುತ್ತಾರೆ.

ಎರಡನೆಯದು, ಹಾಡು ಮತ್ತು ವಾದ್ಯವನ್ನು ಏಕಕಾಲಕ್ಕೆ ಮುದ್ರಿಸುವುದು: ಹಾರ್ಮೋನಿಯಂ ನುಡಿಸುತ್ತ ಹಾಡುವವರು, ಗಿಟಾರ್ ಹಿಡಿದು ಹಾಡುವವರು, ಪಕ್ಕದಲ್ಲಿ ತಬಲ ಅಥವಾ ಮೃದಂಗ ಕೂರಿಸಿಕೊಂಡು ಹಾಡುವವರು. ಎರಡನೆಯ ಮೈಕ್ ನಿಜವಾಗಿ ಬೇಕಾಗುವುದು ಇವರಿಗೆ. ಕಂಠವನ್ನೂ ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಪಡೆದರೆ ಆಮೇಲೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸುವ ಅವಕಾಶ ಉಳಿಯುತ್ತದೆ.

ಮೂರನೆಯದು, ಒಂದೇ ವಾದ್ಯದ ಎರಡು ಬದಿ. ಮೃದಂಗದ ಬಲ ಮುಚ್ಚಿಗೆಯ ನಾದ ಬೇರೆ, ಎಡ ಮುಚ್ಚಿಗೆಯ ಗುಮುಕಿ ಬೇರೆ. ಒಂದೇ ಮೈಕನ್ನು ಹತ್ತಿರದಲ್ಲಿಟ್ಟರೆ ಯಾವುದೋ ಒಂದು ಬದಿ ಸೊರಗುತ್ತದೆ.

ನಾಲ್ಕನೆಯದು ಸ್ಟೀರಿಯೋ, ಅಂದರೆ ಎಡ ಮತ್ತು ಬಲ ಕಿವಿಗೆ ಬೇರೆ ಬೇರೆ ಧ್ವನಿ ಕೊಟ್ಟು ವಿಸ್ತಾರದ ಅನುಭವ ತರುವುದು. ಒಂದು ಸಣ್ಣ ಗೋಷ್ಠಿಯನ್ನೋ ಗಿಟಾರನ್ನೋ ಹೀಗೆ ಮುದ್ರಿಸಲು ಒಂದೇ ಮಾದರಿಯ ಎರಡು ಮೈಕ್ ಬೇಕು. ಒಬ್ಬರ ಕಂಠಕ್ಕೆ ಸ್ಟೀರಿಯೋ ಬೇಕಾಗಿಲ್ಲ. ಕಂಠ ಒಂದೇ ಕಡೆಯಿಂದ ಬರುತ್ತದೆ, ಸಿನಿಮಾ ಹಾಡುಗಳಲ್ಲೂ ಮುಖ್ಯ ಕಂಠವನ್ನು ಸಾಮಾನ್ಯವಾಗಿ ಒಂದೇ ಮೈಕಿನಲ್ಲಿ ಮುದ್ರಿಸಿ ನಡುವೆ ನಿಲ್ಲಿಸುತ್ತಾರೆ.

2. ಇಂಟರ್‌ಫೇಸಿನ ಮೈಕ್ ಇನ್‌ಪುಟ್‌ಗಳನ್ನು ಎಣಿಸಿ

ಮೈಕಿನ ದುರ್ಬಲ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ, ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆಯೇ ಇಂಟರ್‌ಫೇಸ್. ಅದರ ಮುಖದ ಮೇಲೆ ಎರಡು ತೂತುಗಳಿವೆ ಎಂದ ಮಾತ್ರಕ್ಕೆ ಎರಡು ಮೈಕ್ ಹಾಕಬಹುದೆಂದು ಅರ್ಥವಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಮತ್ತು ಬೆಹ್ರಿಂಗರ್ ಯುಎಂಸಿ22 ಇವೆರಡರಲ್ಲೂ ಮೈಕಿಗೆ ಇರುವುದು ಒಂದೇ ಇನ್‌ಪುಟ್; ಇನ್ನೊಂದು ಗಿಟಾರ್ ಮುಂತಾದ ವಾದ್ಯದ ತಂತಿಗೆ ಮೀಸಲು. ಇವುಗಳ ಅಣ್ಣಂದಿರಾದ ಸ್ಕಾರ್ಲೆಟ್ 2ಐ2 ಮತ್ತು ಯುಎಂಸಿ202ಎಚ್‌ಡಿ ಎರಡು ಮೈಕ್‌ಗಳನ್ನು ತೆಗೆದುಕೊಳ್ಳುತ್ತವೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿ ಸಿಕ್ಕಿಸುವ ಜಾಗಗಳು ಎಷ್ಟಿವೆ ಎಂದು ಎಣಿಸಿದರೆ ಸಂಶಯ ಪರಿಹಾರವಾಗುತ್ತದೆ.

ಒಂದೇ ಮೈಕ್ ಇನ್‌ಪುಟ್ ಇದ್ದವರು ಎಕ್ಸ್‌ಎಲ್‌ಆರ್ ತಂತಿಯ ತುದಿಗೆ ಜ್ಯಾಕ್ ಪರಿವರ್ತಕ ಹಾಕಿ ಎರಡನೆಯ ಮೈಕನ್ನು ಗಿಟಾರ್ ಇನ್‌ಪುಟ್ಟಿಗೆ ಚುಚ್ಚುವ ಉಪಾಯ ಮಾಡುವುದುಂಟು. ಅಲ್ಲಿ ಮೈಕಿಗೆ ಬೇಕಾದಷ್ಟು ಹಿಗ್ಗಿಸುವ ಶಕ್ತಿ ಇರುವುದಿಲ್ಲ, ಕಂಡೆನ್ಸರ್ ಮೈಕಿಗೆ ಬೇಕಾದ ವಿದ್ಯುತ್ತೂ ಸಿಗುವುದಿಲ್ಲ. ಬರುವುದು ಕ್ಷೀಣ ದನಿ ಮತ್ತು ಗುಂಯ್‌ಗುಡುವಿಕೆ ಮಾತ್ರ. ಇಂಥವರು ಇಂಟರ್‌ಫೇಸನ್ನು ಬದಲಿಸುವ ಖರ್ಚನ್ನೂ ಎರಡನೆಯ ಮೈಕಿನ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಕು.

ಮೊದಲ ಮೈಕ್ ಯುಎಸ್‌ಬಿ ಬಗೆಯದಾಗಿದ್ದರೆ, ಅಂದರೆ ಇಂಟರ್‌ಫೇಸ್ ಇಲ್ಲದೆ ನೇರವಾಗಿ ಕಂಪ್ಯೂಟರಿಗೆ ಹಾಕುವಂಥದ್ದಾಗಿದ್ದರೆ, ಇನ್ನೊಂದು ಯುಎಸ್‌ಬಿ ಮೈಕ್ ಕೊಳ್ಳಬೇಡಿ. ಅಂಥ ಪ್ರತಿಯೊಂದು ಮೈಕಿನೊಳಗೂ ಕಾಲ ಅಳೆಯುವ ತನ್ನದೇ ಗಡಿಯಾರವಿರುತ್ತದೆ. ಎರಡು ಗಡಿಯಾರಗಳು ನಿಖರವಾಗಿ ಒಂದೇ ವೇಗದಲ್ಲಿ ನಡೆಯದ ಕಾರಣ ದೀರ್ಘ ಮುದ್ರಣದಲ್ಲಿ ಹಾಡು ಒಂದು ಕಡೆ, ತಾಳ ಇನ್ನೊಂದು ಕಡೆ ಸರಿಯತೊಡಗುತ್ತವೆ. ಅದೂ ಅಲ್ಲದೆ ವಿಂಡೋಸ್‌ನಲ್ಲಿ ಆಸಿಯೋ ಡ್ರೈವರ್ (ಧ್ವನಿ ಸಾಧನವನ್ನು ತಂತ್ರಾಂಶಕ್ಕೆ ಬೆಸೆಯುವ ಏರ್ಪಾಡು) ಬಳಸುವ ಮುದ್ರಣ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನವನ್ನು ಒಪ್ಪಿಕೊಳ್ಳುತ್ತವೆ. ಮ್ಯಾಕ್‌ನಲ್ಲಿ ಎರಡು ಸಾಧನಗಳನ್ನು ಒಂದಾಗಿ ಜೋಡಿಸುವ ಏರ್ಪಾಡು ಇದೆಯಾದರೂ ಹೊಸದಾಗಿ ಹಣ ಹಾಕುವವರಿಗೆ ಅದು ತಕ್ಕ ದಾರಿಯಲ್ಲ.

3. ಡೈನಾಮಿಕ್ ಬೇಕೋ ಕಂಡೆನ್ಸರ್ ಬೇಕೋ ತೀರ್ಮಾನಿಸಿ

ಡೈನಾಮಿಕ್ ಮೈಕಿನಲ್ಲಿ ಧ್ವನಿ ತಾಗಿ ಅಲುಗುವ ಪೊರೆಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿದ್ದು, ಅದು ಅಯಸ್ಕಾಂತದ ನಡುವೆ ಚಲಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು ಗಟ್ಟಿಮುಟ್ಟು, ಹೊರಗಿನ ವಿದ್ಯುತ್ ಬೇಡ, ಆದರೆ ಹುಟ್ಟುವ ಸಂಕೇತ ದುರ್ಬಲ. ಕಂಡೆನ್ಸರ್ ಮೈಕಿನಲ್ಲಿ ಅತಿ ತೆಳುವಾದ ಪೊರೆಯೊಂದು ಲೋಹದ ತಟ್ಟೆಯ ಎದುರು ನಿಂತಿರುತ್ತದೆ. ಅವುಗಳ ನಡುವಿನ ಅಂತರದ ಏರಿಳಿತವೇ ಸಂಕೇತವಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಇಂಟರ್‌ಫೇಸ್ 48 ವೋಲ್ಟ್ ವಿದ್ಯುತ್ತನ್ನು ಅದೇ ಮೈಕ್ ತಂತಿಯ ಮೂಲಕ ಒದಗಿಸಬೇಕು. ಇದನ್ನೇ ಫ್ಯಾಂಟಮ್ ಪವರ್ ಎನ್ನುತ್ತಾರೆ. ಕಂಡೆನ್ಸರ್ ಸೂಕ್ಷ್ಮ ವಿವರಗಳನ್ನು, ಅದರಲ್ಲೂ ತಾರಕದ ಹೊಳಪನ್ನು, ಚೆನ್ನಾಗಿ ಹಿಡಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ‘ಡೈನಾಮಿಕ್ ಮೈಕ್ ಕೋಣೆಯ ಗದ್ದಲವನ್ನು ಎತ್ತಿಕೊಳ್ಳುವುದಿಲ್ಲ, ಆದ್ದರಿಂದ ರಸ್ತೆಬದಿಯ ಮನೆಯವರು ಅದನ್ನೇ ಕೊಳ್ಳಬೇಕು’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಒಂದೇ ದಿಕ್ಕಿನಿಂದ ಕೇಳುವ ಒಂದು ಡೈನಾಮಿಕ್ ಮತ್ತು ಒಂದು ಕಂಡೆನ್ಸರ್ ಮೈಕನ್ನು ಬಾಯಿಂದ ಒಂದೇ ದೂರದಲ್ಲಿಟ್ಟು, ಕಂಠ ಎರಡರಲ್ಲೂ ಸಮವಾಗಿ ಕೇಳುವಂತೆ ಮಟ್ಟ ಹೊಂದಿಸಿದರೆ, ಫ್ಯಾನಿನ ಸದ್ದೂ ಬಸ್ಸಿನ ಹಾರನ್ನೂ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಡೈನಾಮಿಕ್ ಮೈಕನ್ನು ಜನ ಬಾಯಿಗೆ ತೀರ ಹತ್ತಿರ ಹಿಡಿದು ಬಳಸುವುದರಿಂದಲೂ ಅದರ ಮೇಲಿನ ಆವರ್ತನಗಳ ಗ್ರಹಣ ಮಂದವಾಗಿರುವುದರಿಂದಲೂ ಗದ್ದಲ ಕಡಿಮೆಯಾದಂತೆ ತೋರುತ್ತದೆ. ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ ಎಂಬ ಒಂದು ಲೆಕ್ಕ, ಗದ್ದಲದ ವಿಷಯದಲ್ಲಿ ಮೈಕಿನ ಜಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕುಕ್ಕರ್ ಸೀಟಿಗೆ ಮಾತ್ರ ಯಾವ ಮೈಕಿನಲ್ಲೂ ಮದ್ದಿಲ್ಲ. ಅಡುಗೆಯ ಹೊತ್ತು ತಪ್ಪಿಸಿಯೇ ಮುದ್ರಿಸಬೇಕು.

ಈಗ ಆಯ್ಕೆಗೆ ಬರೋಣ. ನಿಮ್ಮಲ್ಲಿ ಈಗಾಗಲೇ ದೊಡ್ಡ ಪೊರೆಯ ಕಂಡೆನ್ಸರ್ ಇದ್ದು, ಎರಡನೆಯ ಮೈಕ್ ತಬಲ, ಮೃದಂಗ, ಹಾರ್ಮೋನಿಯಂ, ಗಿಟಾರ್ ಆಂಪ್ಲಿಫೈಯರ್ ಇಂಥ ಗಟ್ಟಿ ದನಿಗಳಿಗೆ ಬೇಕಾಗಿದ್ದರೆ ಡೈನಾಮಿಕ್ ಮೈಕನ್ನೇ ತೆಗೆದುಕೊಳ್ಳಿ. ಶ್ಯೂರ್ ಎಸ್‌ಎಂ57 ಎಂಬ ಮಾದರಿ 1965ರಲ್ಲಿ ಹೊರಬಂದು ಇಂದಿಗೂ ಈ ಕೆಲಸಕ್ಕೆ ಮೊದಲು ನೆನಪಾಗುವ ಹೆಸರಾಗಿ ಉಳಿದಿದೆ. ಅಷ್ಟು ಹಣ ಹಾಕಲಾಗದವರು ಬೆಹ್ರಿಂಗರ್ ಎಕ್ಸ್‌ಎಂ8500ರಂಥ ಅಗ್ಗದ ಮೈಕಿನಿಂದಲೂ ಗೌರವಯುತ ಫಲಿತಾಂಶ ಪಡೆಯಬಹುದು. ನನ್ನ ಅಭಿಪ್ರಾಯದಲ್ಲಿ, ಕಂಡೆನ್ಸರ್ ಇರುವವರು ಎರಡನೆಯದಾಗಿ ಇನ್ನೊಂದು ಅದೇ ದರ್ಜೆಯ ದೊಡ್ಡ ಪೊರೆಯ ಕಂಡೆನ್ಸರ್ ಕೊಳ್ಳುವುದರಷ್ಟು ನಿಷ್ಪ್ರಯೋಜಕವಾದ ಖರ್ಚು ಬೇರೆ ಇಲ್ಲ. ಬಣ್ಣ ಬೇರೆಯಾದರೂ ಕೆಲಸ ಬೇರೆಯಾಗುವುದಿಲ್ಲ.

ವೇದಿಕೆಗೆಂದು ಕೊಂಡ ಎಸ್‌ಎಂ58ರಂಥ ಡೈನಾಮಿಕ್ ಮೈಕೇ ನಿಮ್ಮ ಮೊದಲ ಮೈಕ್ ಆಗಿದ್ದರೆ ಲೆಕ್ಕ ತಿರುಗುತ್ತದೆ. ಎಸ್‌ಎಂ57 ಮತ್ತು ಎಸ್‌ಎಂ58 ಎರಡೂ ಒಂದೇ ಮೂಲ ವಿನ್ಯಾಸದ ಕ್ಯಾಪ್ಸೂಲಿನ, ಅಂದರೆ ಧ್ವನಿಯನ್ನು ಸಂಕೇತವಾಗಿಸುವ ಒಳಭಾಗದ, ಮೇಲೆ ನಿಂತಿವೆ. ಮುಖ್ಯ ವ್ಯತ್ಯಾಸ ಮುಂದಿನ ಜಾಲರಿಯದು. ಹಾಗಾಗಿ 58 ಇರುವವರಿಗೆ 57 ಹೊಸದೇನನ್ನೂ ಅಷ್ಟಾಗಿ ಕೊಡುವುದಿಲ್ಲ. ಅವರು ಆಡಿಯೋ-ಟೆಕ್ನಿಕಾ ಎಟಿ2020ರಂಥ ಕಂಡೆನ್ಸರ್ ತೆಗೆದುಕೊಂಡು ಅದನ್ನು ಕಂಠಕ್ಕೂ ತಂತಿವಾದ್ಯಕ್ಕೂ ಮೀಸಲಿಟ್ಟು, ಹಳೆಯ 58ನ್ನು ತಬಲದ ಕಡೆಗೆ ಕಳಿಸುವುದು ಲೇಸು.

ಪಿಟೀಲು, ಗಿಟಾರ್, ವೀಣೆ, ತಂಬೂರಿ ಮುಂತಾದ ತಂತಿವಾದ್ಯಗಳೇ ನಿಮ್ಮ ಮುಖ್ಯ ಕೆಲಸವಾಗಿದ್ದು ಕಂಠಕ್ಕೆ ದೊಡ್ಡ ಕಂಡೆನ್ಸರ್ ಈಗಾಗಲೇ ಇದ್ದರೆ, ಸಣ್ಣ ಪೊರೆಯ ಕಂಡೆನ್ಸರ್ ನೋಡಿ. ಪೆನ್ನಿನಾಕಾರದ ಈ ಮೈಕ್‌ಗಳು ಮೀಟಿನ ಮೊದಲ ಕ್ಷಣವನ್ನು ಸ್ಪಷ್ಟವಾಗಿ ಹಿಡಿಯುತ್ತವೆ, ಪಕ್ಕದಿಂದ ಬಂದ ಧ್ವನಿಯ ಬಣ್ಣವನ್ನೂ ಹೆಚ್ಚು ಕೆಡಿಸುವುದಿಲ್ಲ. ಎಕೆಜಿ ಪಿ170 ಒಂಟಿಯಾಗಿ ಸಿಗುತ್ತದೆ. ರೋಡ್ ಎಂ5 ಮತ್ತು ಬೆಹ್ರಿಂಗರ್ ಸಿ-2 ಜೋಡಿಯಾಗಿ ಮಾರಾಟವಾಗುವುದರಿಂದ ಸ್ಟೀರಿಯೋ ಆಸೆ ಇದ್ದವರಿಗೆ ಅನುಕೂಲ.

ಎಚ್ಚರಿಕೆ: ಎರಡು ಇನ್‌ಪುಟ್‌ಗಳ ಸಣ್ಣ ಇಂಟರ್‌ಫೇಸ್‌ಗಳಲ್ಲಿ 48 ವೋಲ್ಟಿನ ಗುಂಡಿ ಎರಡೂ ಮೈಕಿಗೆ ಒಂದೇ ಆಗಿರುವುದು ಸಾಮಾನ್ಯ. ಸರಿಯಾದ ಎಕ್ಸ್‌ಎಲ್‌ಆರ್ ತಂತಿಯಲ್ಲಿ ಜೋಡಿಸಿದ ಡೈನಾಮಿಕ್ ಮೈಕಿಗೆ ಇದರಿಂದ ತೊಂದರೆಯಿಲ್ಲ, ಆದ್ದರಿಂದ ಕಂಡೆನ್ಸರ್ ಮತ್ತು ಡೈನಾಮಿಕ್ ಎರಡನ್ನೂ ಒಟ್ಟಿಗೆ ಬಳಸಬಹುದು. ರಿಬ್ಬನ್ ಮೈಕ್ ಎಂಬ ಮೂರನೆಯ ಬಗೆಯೊಂದಿದೆ. ಅದರೊಳಗಿನ ತೆಳು ಲೋಹದ ಪಟ್ಟಿಗೆ ಈ ವಿದ್ಯುತ್ತಿನಿಂದ ಹಾನಿಯಾಗುವ ಸಂಭವವಿರುವುದರಿಂದ ಸದ್ಯಕ್ಕೆ ಅದರಿಂದ ದೂರವಿರಿ.

4. ವಿವರಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಓದಿ

ಮೊದಲನೆಯದು ಸೆನ್ಸಿಟಿವಿಟಿ: ನಿಗದಿತ ಪ್ರಮಾಣದ ಧ್ವನಿಗೆ ಮೈಕ್ ಎಷ್ಟು ವಿದ್ಯುತ್ ಹುಟ್ಟಿಸುತ್ತದೆ ಎಂಬ ಅಳತೆ. ಎಟಿ2020ರದ್ದು -37 ಡೆಸಿಬೆಲ್, ಎಸ್‌ಎಂ57ರದ್ದು -56 ಡೆಸಿಬೆಲ್. ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಬಲವಾದದ್ದು. ಅಂದರೆ 57ನ್ನು ಬಳಸುವಾಗ ಇಂಟರ್‌ಫೇಸ್ 19 ಡೆಸಿಬೆಲ್‌ನಷ್ಟು ಹೆಚ್ಚು ದುಡಿಯಬೇಕು. ತಬಲಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಅದೇ ಮೈಕನ್ನು ತಂಬೂರಿಯ ಮುಂದೆ ಇಟ್ಟು ಗೇನ್ ತಿರುಪನ್ನು, ಅಂದರೆ ಸಂಕೇತ ಹಿಗ್ಗಿಸುವ ತಿರುಪನ್ನು, ಕೊನೆಯವರೆಗೆ ತಿರುಗಿಸಿದರೆ ಇಂಟರ್‌ಫೇಸಿನದೇ ‘ಸ್ಸ್’ ಎಂಬ ಸದ್ದು ನಾದದ ಜೊತೆ ಮೇಲೇಳುತ್ತದೆ. ಪಾಡ್‌ಕಾಸ್ಟ್‌ಗಳಲ್ಲಿ ಕಾಣುವ ಎಸ್‌ಎಂ7ಬಿ ಬಗ್ಗೆ ಕೇಳುವವರು ಬಹಳ. ಅದರ ಸೆನ್ಸಿಟಿವಿಟಿ -59 ಡೆಸಿಬೆಲ್, ಬೆಲೆಯೂ ಈ ಲೇಖನದ ಮಿತಿಯಿಂದ ಆಚೆಗಿದೆ.

ಎರಡನೆಯದು ಸೆಲ್ಫ್ ನಾಯ್ಸ್, ಅಂದರೆ ಪೂರ್ಣ ನಿಶ್ಶಬ್ದದಲ್ಲೂ ಮೈಕ್ ತಾನೇ ಹುಟ್ಟಿಸುವ ಸದ್ದು. ಇದು ಕಂಡೆನ್ಸರ್‌ಗಳಿಗೆ ಸಂಬಂಧಿಸಿದ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು. ರೋಡ್ ಎನ್‌ಟಿ1-ಎ ಮಾದರಿಯಲ್ಲಿ ಇದು 5 ಡೆಸಿಬೆಲ್, ರೋಡ್ ಎಂ5ರಲ್ಲಿ 19, ಎಟಿ2020ರಲ್ಲಿ 20. ಬಾಯಿಯ ಹತ್ತಿರ ಇಟ್ಟು ಹಾಡುವವರಿಗೆ 20 ಸಾಕಾಗುತ್ತದೆ. ವೀಣೆಯ ಗಮಕ ನಿಧಾನವಾಗಿ ಕರಗುವ ಕೊನೆಯನ್ನೂ ತಂಬೂರಿಯ ಝೇಂಕಾರವನ್ನೂ ಸ್ವಲ್ಪ ದೂರದಿಂದ ಹಿಡಿಯಬೇಕಾದವರು 15ಕ್ಕಿಂತ ಕೆಳಗಿನದನ್ನು ಹುಡುಕಿದರೆ ಮುಂದೆ ಪಶ್ಚಾತ್ತಾಪವಿಲ್ಲ. ಈ ಅಂಕಿಯನ್ನೇ ಮುದ್ರಿಸದ ಮೈಕನ್ನು ಕೊಳ್ಳದಿರುವುದು ಉತ್ತಮ.

ಮೂರನೆಯದು ಪೋಲಾರ್ ಪ್ಯಾಟರ್ನ್: ಮೈಕ್ ಯಾವ ದಿಕ್ಕಿನಿಂದ ಕೇಳುತ್ತದೆ, ಯಾವ ದಿಕ್ಕಿಗೆ ಕಿವುಡಾಗಿರುತ್ತದೆ ಎಂಬ ನಕ್ಷೆ. ಹೃದಯಾಕಾರದ ಕಾರ್ಡಿಯಾಯ್ಡ್ ಮುಂದಿನದನ್ನು ಕೇಳಿ, ನೇರ ಹಿಂದಿನದನ್ನು ಅತ್ಯಂತ ಕಡಿಮೆ ಕೇಳುತ್ತದೆ. ಸೂಪರ್‌ಕಾರ್ಡಿಯಾಯ್ಡ್‌ನ ಕಿವುಡು ದಿಕ್ಕು ನೇರ ಹಿಂದಕ್ಕಿಲ್ಲ, ಮುಂದಿನಿಂದ ಸುಮಾರು 126 ಡಿಗ್ರಿಯಲ್ಲಿ, ಹಿಂಬದಿಯ ಎರಡೂ ಓರೆಗಳಲ್ಲಿರುತ್ತದೆ. ಮನೆಯ ಕೆಲಸಕ್ಕೆ ಕಾರ್ಡಿಯಾಯ್ಡ್ ಸಾಕು.

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಿರುವ ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬುದಕ್ಕೆ ಮರುಳಾಗಬೇಡಿ. ಆ ಆವರ್ತನಗಳ ವ್ಯಾಪ್ತಿಯಲ್ಲಿ ಮೈಕಿನ ಗ್ರಹಣ ಎಷ್ಟು ಏರಿಳಿಯುತ್ತದೆ ಎಂದು ತಿಳಿಸದ ಹೊರತು ಆ ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

5. ಹಣವನ್ನು ಮೈಕಿಗೇ ಪೂರ್ತಿ ಸುರಿಯಬೇಡಿ

ಎರಡನೆಯ ಮೈಕಿಗೆ ಎರಡನೆಯ ಸ್ಟ್ಯಾಂಡು, ಎರಡನೆಯ ತಂತಿ ಬೇಕೇ ಬೇಕು. ಕಂಠಕ್ಕೆ ಬಳಸುವುದಾದರೆ ಗಾಳಿಯ ಬಡಿತ ತಡೆಯುವ ಪಾಪ್ ಫಿಲ್ಟರ್ ಕೂಡ. ನಿಮ್ಮ ಕೈಯಲ್ಲಿ 8,000 ರೂಪಾಯಿ ಇದ್ದರೆ 5,500ರಿಂದ 6,000ದೊಳಗಿನ ಮೈಕ್ ನೋಡಿ ಉಳಿದದ್ದನ್ನು ಇವುಗಳಿಗೆ ಇಡಿ. ನೆಲದ ಮೇಲೆ ಕುಳಿತು ಹಾಡುವ, ನುಡಿಸುವ ನಮ್ಮ ಪದ್ಧತಿಗೆ ಅಡ್ಡತೋಳಿರುವ ಗಿಡ್ಡ ಸ್ಟ್ಯಾಂಡೇ ಸರಿ. ಎತ್ತರದ ಸ್ಟ್ಯಾಂಡನ್ನು ಪೂರ್ತಿ ತಗ್ಗಿಸಿದರೂ ತಬಲದ ಮಟ್ಟಕ್ಕೆ ಇಳಿಯದೆ ಪರದಾಡುವುದು ಸಾಮಾನ್ಯ ಫಜೀತಿ.

ತಂತಿ ಮೂರು ಅಥವಾ ಐದು ಮೀಟರಿನದು ಸಾಕು. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ತಂತಿ ಮತ್ತು ಎಕ್ಸ್‌ಎಲ್‌ಆರ್ ಕನೆಕ್ಟರ್‌ಗಳು ಬಿಡಿಯಾಗಿ ಸಿಗುತ್ತವೆ. ಬೆಸುಗೆ ಬಲ್ಲವರು ತಾವೇ ಮಾಡಿಕೊಳ್ಳಬಹುದು.

ತೀರ ಅಗ್ಗದ ‘ಸ್ಟುಡಿಯೋ ಕಿಟ್’ಗಳ ಬಗ್ಗೆ ಒಂದು ಮಾತು. ಮೈಕ್, ತೋಳು, ಫಿಲ್ಟರ್, ತಂತಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಇವುಗಳಲ್ಲಿ ಹಲವದರ ದೊಡ್ಡ ಜಾಲರಿಯೊಳಗೆ ಕುಳಿತಿರುವುದು ಪುಟ್ಟ ಕ್ಯಾಪ್ಸೂಲ್. ಜೊತೆಗೆ ಕೊಡುವ ತಂತಿಯ ಇನ್ನೊಂದು ತುದಿ ಮೊಬೈಲಿಗೆ ಹಾಕುವ 3.5 ಮಿಲಿಮೀಟರ್ ಜ್ಯಾಕ್. ಅದು ನಿಮ್ಮ ಇಂಟರ್‌ಫೇಸಿನ ಮೈಕ್ ಇನ್‌ಪುಟ್ಟಿಗೆ ಹೊಂದುವುದಿಲ್ಲ.

6. ಅಸಲಿಯೇ ಎಂದು ಖಚಿತಪಡಿಸಿಕೊಳ್ಳಿ

ಎಸ್‌ಎಂ57 ಮತ್ತು ಎಸ್‌ಎಂ58ರ ನಕಲಿಗಳು ಜಗತ್ತಿನೆಲ್ಲೆಡೆ ಹರಿದಾಡುತ್ತವೆ, ನಮ್ಮಲ್ಲೂ ಅಷ್ಟೇ. ಉಳಿದೆಡೆಗಿಂತ ಅರ್ಧ ಬೆಲೆಗೆ ‘ಹೊಸದು’ ಸಿಗುತ್ತಿದ್ದರೆ ಸಂಶಯಪಡಿ. ಅಸಲಿ ಎಸ್‌ಎಂ58ರ ತೂಕ ಸುಮಾರು 298 ಗ್ರಾಂ, ಎಸ್‌ಎಂ57ರದ್ದು 284 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ನಕಲಿಗಳು ಹೆಚ್ಚಾಗಿ ಇದಕ್ಕಿಂತ ಹಗುರ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿಯೆಂದು ಹೇಳಲಾಗದು, ಆದ್ದರಿಂದ ಅಧಿಕೃತ ವ್ಯಾಪಾರಿಯ ಜಿಎಸ್‌ಟಿ ಬಿಲ್ಲಿನೊಂದಿಗೆ ಕೊಳ್ಳುವುದೇ ಸುರಕ್ಷಿತ. ವಾರಂಟಿ ಕೇಳುವಾಗಲೂ ಆ ಬಿಲ್ಲೇ ಆಧಾರ.

ಬಳಸಿದ ಮೈಕ್ ಕೊಳ್ಳುವುದಾದರೆ ಡೈನಾಮಿಕ್‌ಗೆ ಧೈರ್ಯ ಮಾಡಬಹುದು, ಜಾಲರಿ ಜಜ್ಜಿದ್ದರೂ ಅನೇಕ ವೇಳೆ ಒಳಗಿನದು ಕ್ಷೇಮವಾಗಿರುತ್ತದೆ. ಕಂಡೆನ್ಸರನ್ನು ಮಾತ್ರ ನಿಮ್ಮ ಇಂಟರ್‌ಫೇಸಿಗೆ ಜೋಡಿಸಿ, ಹೆಡ್‌ಫೋನಿನಲ್ಲಿ ಕೆಲವು ನಿಮಿಷ ಮೌನವನ್ನು ಕೇಳದೆ ಕೊಳ್ಳಬೇಡಿ. ಚಟಪಟ ಸದ್ದು ಬಂದರೆ ಒಳಗೆ ತೇವವೋ ಧೂಳೋ ಸೇರಿದೆ ಎಂದು ತಿಳಿಯಿರಿ.

7. ಹಿಂತಿರುಗಿಸುವ ಅವಧಿಯೊಳಗೆ ಪರೀಕ್ಷಿಸಿ

ಫ್ಯಾನ್ ಆರಿಸಿ, ಹೊಸ ಮತ್ತು ಹಳೆಯ ಮೈಕ್‌ಗಳನ್ನು ಒಂದರ ಪಕ್ಕ ಒಂದನ್ನು ಒತ್ತಾಗಿ ನಿಲ್ಲಿಸಿ, ಎರಡರಿಂದಲೂ 20 ಸೆಂಟಿಮೀಟರ್ ದೂರದಲ್ಲಿ ಕುಳಿತು ಒಂದೇ ಸಲ ಎರಡಕ್ಕೂ ಹಾಡಿ. ಒಂದೇ ಮೈಕ್ ಇನ್‌ಪುಟ್ ಇರುವವರು ಅದೇ ಸಾಲನ್ನು ಎರಡು ಸಲ ಹಾಡಬೇಕಾಗುತ್ತದೆ. ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಹೋಗುವ ಒಂದು ಸಾಲು, ‘ಸ, ಶ, ಷ’ ತುಂಬಿದ ಒಂದು ಸಾಲು, ‘ಪ, ಫ, ಭ’ ಇರುವ ಒಂದು ಸಾಲು, ಕೊನೆಗೆ ಅರ್ಧ ನಿಮಿಷ ಮೌನ, ಇಷ್ಟು ಸಾಕು. ಅತಿ ಗಟ್ಟಿಯಾದ ಸ್ವರದಲ್ಲಿ ತಂತ್ರಾಂಶದ ಮೀಟರ್ -12 ಮತ್ತು -6ರ ನಡುವೆ ನಿಲ್ಲುವಂತೆ ಗೇನ್ ಹೊಂದಿಸಿ.

ಕೇಳುವ ಮುನ್ನ ಎರಡೂ ಟ್ರ್ಯಾಕ್‌ಗಳ ಮಟ್ಟವನ್ನು ಸಮ ಮಾಡಲೇಬೇಕು, ಏಕೆಂದರೆ ಸ್ವಲ್ಪ ಗಟ್ಟಿಯಾಗಿ ಕೇಳಿದ್ದೇ ಕಿವಿಗೆ ಮೇಲಿನದಾಗಿ ತೋರುತ್ತದೆ. ಯಾವುದು ಯಾವ ಮೈಕಿನದು ಎಂದು ಹೇಳದೆ ನುಡಿಸಲು ಮನೆಯವರೊಬ್ಬರನ್ನು ಕೇಳಿಕೊಳ್ಳಿ. ಎರಡರ ನಡುವೆ ವ್ಯತ್ಯಾಸವೇ ತಿಳಿಯದಿದ್ದರೆ, ಕಂಠಕ್ಕೆಂದೇ ಕೊಂಡದ್ದಾಗಿದ್ದರೆ, ಹೊಸದನ್ನು ಹಿಂತಿರುಗಿಸಿ. ವಾದ್ಯಕ್ಕೆಂದು ಕೊಂಡಿದ್ದರೆ ಇದೇ ಪರೀಕ್ಷೆಯನ್ನು ಆ ವಾದ್ಯದ ಮುಂದೆ ಮಾಡಿ ಆಮೇಲೆ ನಿರ್ಧರಿಸಿ.

8. ಎರಡನ್ನೂ ಒಟ್ಟಿಗೆ ಬಳಸುವಾಗ ಫೇಸ್ ಕಡೆಗೆ ಗಮನವಿರಲಿ

ಎರಡನೆಯ ಮೈಕ್ ಬಂದ ಮೇಲೆ ಮುದ್ರಣ ಮೊದಲಿಗಿಂತ ಕೆಟ್ಟಿತು ಎನ್ನುವವರ ತೊಂದರೆಗೆ ಕಾರಣ ಬಹುಮಟ್ಟಿಗೆ ಇದೊಂದೇ. ನಿಮ್ಮ ಕಂಠ ಹತ್ತಿರದ ಮೈಕನ್ನು ಮೊದಲು ತಲುಪಿ, ದೂರದ ಮೈಕನ್ನು ಸ್ವಲ್ಪ ತಡವಾಗಿ ತಲುಪುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 34 ಸೆಂಟಿಮೀಟರಿನ ಅಂತರಕ್ಕೆ ಒಂದು ಮಿಲಿಸೆಕೆಂಡ್ ವಿಳಂಬ. ಎರಡು ಟ್ರ್ಯಾಕ್‌ಗಳನ್ನು ಕೂಡಿಸಿದಾಗ ಈ ವಿಳಂಬದಿಂದಾಗಿ ಒಂದರ ಅಲೆಯ ಏರು ಇನ್ನೊಂದರ ಇಳಿಜಾರಿಗೆ ಸೇರಿ ಕೆಲವು ಆವರ್ತನಗಳು ಕ್ಷೀಣವಾಗುತ್ತವೆ. ಒಂದು ಮಿಲಿಸೆಕೆಂಡಿನ ವಿಳಂಬದಲ್ಲಿ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ತಗ್ಗುಗಳು ಬೀಳುತ್ತವೆ. ಇವು ಕಂಠದ ಜೀವಾಳವಿರುವ ಜಾಗಗಳೇ ಆದ್ದರಿಂದ ದನಿ ಕೊಳವೆಯೊಳಗಿನಿಂದ ಬಂದಂತೆ ಪೊಳ್ಳಾಗುತ್ತದೆ. ಅಲೆಗಳ ಈ ಹೊಂದಾಣಿಕೆಗೇ ಫೇಸ್ ಎನ್ನುವುದು.

ಪರಿಹಾರದ ಮೊದಲ ಮೆಟ್ಟಿಲು ಮೂರಕ್ಕೆ ಒಂದು ಎಂಬ ನಿಯಮ: ಮೈಕ್ ತನ್ನ ಧ್ವನಿಮೂಲದಿಂದ ಎಷ್ಟು ದೂರವಿದೆಯೋ ಅದರ ಮೂರು ಪಟ್ಟಿಗಿಂತ ಕಡಿಮೆಯಿಲ್ಲದಷ್ಟು ದೂರದಲ್ಲಿ ಇನ್ನೊಂದು ಮೈಕ್ ಇರಬೇಕು. ಬಾಯಿಂದ 20 ಸೆಂಟಿಮೀಟರಿನಲ್ಲಿ ಕಂಠದ ಮೈಕ್ ಇದ್ದರೆ, ಹಾರ್ಮೋನಿಯಂ ಮೈಕ್ ಅದರಿಂದ 60 ಸೆಂಟಿಮೀಟರಾದರೂ ಆಚೆಗಿರಲಿ. ನುಡಿಸುತ್ತ ಹಾಡುವವರಿಗೆ ಇಷ್ಟು ಅಂತರ ಸಿಗುವುದು ಕಷ್ಟ, ಆದ್ದರಿಂದ ಎರಡು ಮೈಕ್‌ಗಳನ್ನೂ ತಮ್ಮ ತಮ್ಮ ಮೂಲಕ್ಕೆ ಇನ್ನಷ್ಟು ಹತ್ತಿರ ತನ್ನಿ. ಹಾರ್ಮೋನಿಯಂ ಮೈಕನ್ನು ತಿದಿಯ ಕಡೆ ಇಡದೆ, ಸ್ವರದ ಮನೆಗಳಿಂದ (ಕೀಲಿಗಳಿಂದ) ಬೆರಳಿನ ಟಕಟಕ ಹೆಚ್ಚು ಕೇಳದಷ್ಟು ಮೇಲಕ್ಕೆ, ಅದರ ಬೆನ್ನು ನಿಮ್ಮ ಬಾಯಿಯ ಕಡೆಗೆ ಇರುವಂತೆ ಓರೆಯಾಗಿ ನಿಲ್ಲಿಸಿ. ಕಾರ್ಡಿಯಾಯ್ಡ್ ಮೈಕಿನ ಕಿವುಡು ಬೆನ್ನನ್ನು ಬೇಡದ ದನಿಯ ಕಡೆಗೆ ತಿರುಗಿಸುವುದೇ ಮನೆಯ ಮುದ್ರಣದಲ್ಲಿ ಬಿಡಿಕಾಸೂ ಖರ್ಚಿಲ್ಲದ ಅತ್ಯುತ್ತಮ ಉಪಾಯ. ತಬಲದವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸದೆ ಎದುರಿಗೆ, ಸುಮಾರು ಎರಡು ಮೀಟರ್ ದೂರದಲ್ಲಿ ಕೂರಿಸಿದರೆ ಇಬ್ಬರ ಮೈಕ್‌ಗಳೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ, ಕಣ್ಣಸನ್ನೆಗೂ ಅನುಕೂಲ.

ಎರಡನೆಯ ಮೆಟ್ಟಿಲು ಕಿವಿಯ ಪರೀಕ್ಷೆ. ಎರಡೂ ಟ್ರ್ಯಾಕ್‌ಗಳನ್ನು ನಡುವಿಗೆ ತಂದು ಮೋನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿಯಾಗಿ, ಕೇಳಿ, ಒಂದರ ಪೊಲಾರಿಟಿ ಅಂದರೆ ಅಲೆಯ ಏರಿಳಿತವನ್ನು ತಲೆಕೆಳಗಾಗಿಸಿ ಮತ್ತೊಮ್ಮೆ ಕೇಳಿ. ರೀಪರ್ ಎಂಬ ಮುದ್ರಣ ತಂತ್ರಾಂಶದಲ್ಲಿ ಇದಕ್ಕೆ ಪ್ರತಿ ಟ್ರ್ಯಾಕಿನ ಮೇಲೂ ಗುಂಡಿಯಿದೆ. ಉಚಿತವಾದ ಆಡಾಸಿಟಿಯಲ್ಲಿ ‘ಇನ್ವರ್ಟ್’ ಎಂಬ ಆಜ್ಞೆಯಿದೆ. ಯಾವ ಸ್ಥಿತಿಯಲ್ಲಿ ದನಿ ತುಂಬಿಕೊಂಡು ಕೇಳುತ್ತದೆಯೋ ಅದನ್ನೇ ಉಳಿಸಿಕೊಳ್ಳಿ. ಮೃದಂಗದ ಎರಡು ಬದಿಗೆ ಎದುರುಬದುರಾಗಿ ಮೈಕ್ ಇಟ್ಟವರು ಈ ಪರೀಕ್ಷೆಯನ್ನು ಬಿಡಲೇಬಾರದು; ಎಡ ಮುಚ್ಚಿಗೆಯ ಗುಮುಕಿ ಮಾಯವಾದಂತೆ ತೋರಿದ್ದು ಒಂದು ಗುಂಡಿ ಒತ್ತಿದೊಡನೆ ಮರಳಿ ಬರುವುದುಂಟು.

ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡು ಹಾಡುವವರಿಗೆ ಒಂದು ಕಿವಿಮಾತು. ಅದನ್ನು ಕೋಣೆಯಲ್ಲಿ ಬಿಟ್ಟರೆ ಅದರ ದನಿ ಎರಡೂ ಮೈಕ್‌ಗಳಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಇದೇ ತೊಡಕನ್ನು ಉಂಟುಮಾಡುತ್ತದೆ, ತಪ್ಪಾದ ಜಾಗವನ್ನು ಕತ್ತರಿಸಿ ಮತ್ತೆ ಹಾಡಿ ಸೇರಿಸಲೂ ಆಗುವುದಿಲ್ಲ. ಶ್ರುತಿಯನ್ನು ಮೊದಲೇ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿಕೊಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಮಾತ್ರ ಕೇಳಿ.

ಸ್ಟೀರಿಯೋ ಜೋಡಿ ಕೊಂಡವರು ಎರಡೂ ಮೈಕಿನ ತಲೆಗಳನ್ನು ಒಂದರ ಮೇಲೊಂದು ತಂದು 90 ಡಿಗ್ರಿ ಕೋನದಲ್ಲಿ ನಿಲ್ಲಿಸುವ ಎಕ್ಸ್‌ವೈ ವಿಧಾನದಿಂದ ಆರಂಭಿಸಲಿ. ಇಲ್ಲಿ ವಿಳಂಬವೇ ಇಲ್ಲದ ಕಾರಣ ಫೇಸ್ ತೊಂದರೆ ಅಪರೂಪ. ಇನ್ನಷ್ಟು ವಿಸ್ತಾರ ಬೇಕೆನಿಸಿದರೆ ಫ್ರಾನ್ಸಿನ ಆಕಾಶವಾಣಿಯವರು ರೂಢಿಗೆ ತಂದ ಒಆರ್‌ಟಿಎಫ್ ವಿಧಾನವಿದೆ: ತಲೆಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ.

9. ಮಳೆಗಾಲಕ್ಕೆ ಮುನ್ನ ಡಬ್ಬಿ ಸಿದ್ಧಮಾಡಿ

ಕರಾವಳಿ ಮತ್ತು ಮಲೆನಾಡಿನವರಿಗೆ ಇದು ಕಡ್ಡಾಯ, ಉಳಿದವರಿಗೂ ಒಳ್ಳೆಯದು. ಕಂಡೆನ್ಸರ್ ಮೈಕಿನ ಪೊರೆಯ ಮೇಲೆ ತೇವ ಕುಳಿತರೆ ಚಟಪಟ ಸದ್ದು ಶುರುವಾಗುತ್ತದೆ. ಬಳಸಿದ ಮೇಲೆ ಫ್ಯಾಂಟಮ್ ಪವರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮೈಕನ್ನು ಬಿಚ್ಚಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ತೆಗೆದುಕೊಂಡರೆ ಅದು ತೇವ ಕುಡಿದು ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಆಗ ಅದನ್ನು ಹೊರಗೆ ತೆಗೆದು ಪೊಟ್ಟಣದ ಮೇಲೆ ಬರೆದಿರುವಂತೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮೈಕನ್ನೇ ಬಿಸಿಲಿಗಿಟ್ಟು ಒಣಗಿಸಲು ಹೋಗಬೇಡಿ. ಅಗರಬತ್ತಿಯ ಹೊಗೆಯೂ ಪೊರೆಗೆ ಅಂಟುವುದರಿಂದ, ದೇವರ ಮುಂದೆ ಕುಳಿತು ಹಾಡಿ ಮುದ್ರಿಸುವವರು ಧೂಪ ದೀಪಗಳನ್ನು ಮುದ್ರಣ ಮುಗಿದ ಮೇಲೆ ಇಟ್ಟುಕೊಳ್ಳುವುದು ವಾಸಿ. ಡೈನಾಮಿಕ್ ಮೈಕಿಗೆ ಇಷ್ಟೆಲ್ಲ ಉಪಚಾರ ಬೇಡ, ಜಾಲರಿಯನ್ನು ಬಿಚ್ಚಲು ಬರುವ ಮಾದರಿಗಳಲ್ಲಿ ಅದನ್ನು ಮಾತ್ರ ಆಗಾಗ ತೊಳೆದು, ಪೂರ್ತಿ ಒಣಗಿದ ಮೇಲೆ ತಿರುಗಿಸಿ ಹಾಕಿದರೆ ಆಯಿತು.